ಕಾಂಟೆಸ್ಸಾ 1.8: ಕ್ಲಚ್ ಬಿಡುವಾಗ ಹಿಂದಿನ ಚಕ್ರ ಕುಣಿಯುತ್ತೆ, 4000 ಆರ್‌ಪಿಎಂ ದಾಟಿದ್ರೆ ಉಸಿರು ಕಟ್ಟುತ್ತೆ

ಬಸವನಗುಡಿ_ಶೆಡ್
ಗಾಡಿ 1991ರ ಕಾಂಟೆಸ್ಸಾ ಕ್ಲಾಸಿಕ್ ಕಾರು, ಇಸುಝು 1817 ಸಿಸಿ ಪೆಟ್ರೋಲ್, ಐದು ಗೇರ್. ಒಂಬತ್ತು ವರ್ಷ ನಿಂತಿತ್ತು, ಈಗ ಓಡ್ತಾ ಇದೆ. ಎಂಜಿನ್ ಬಿಚ್ಚಿಲ್ಲ. ಕಂಪ್ರೆಷನ್ (ಸಿಲಿಂಡರೊಳಗಿನ ಒತ್ತಡ) ನಾಲ್ಕರಲ್ಲೂ 150ರಿಂದ 158 ಪಿಎಸ್‌ಐ. ಬಾಡಿ ಗಟ್ಟಿ, ಟ್ಯಾಂಕ್ ಒಳಗೆ ಮಾತ್ರ ಕಂದು ಪುಡಿ. ಗುರಿ ಒಂದೇ: ಮುಚ್ಚಿದ ಟ್ರ್ಯಾಕಲ್ಲಿ 402 ಮೀಟರ್ (ಕಾಲು ಮೈಲಿ) ಡ್ರ್ಯಾಗ್ ಓಡಿಸೋದು.

ತೊಂದರೆ ಮೂರು. 3000 ಆರ್‌ಪಿಎಂನಲ್ಲಿ ಕ್ಲಚ್ ಬಿಟ್ಟರೆ ಹಿಂದಿನ ಆಕ್ಸಲ್ ದಡದಡ ಕುಣಿಯುತ್ತೆ. ಮೇಲಿನ ಗೇರಲ್ಲಿ ಪೂರ್ತಿ ಒತ್ತಿದ್ರೆ ಕೆಲವು ಸಲ ಆರ್‌ಪಿಎಂ ಏರುತ್ತೆ, ವೇಗ ಏರಲ್ಲ. ಮೂರನೇ ಗೇರಲ್ಲಿ 4000 ದಾಟಿ ನಾಲ್ಕೈದು ಸೆಕೆಂಡ್ ಎಳೆದ ಮೇಲೆ ಎಂಜಿನ್ ಕುಂದುತ್ತೆ. ಎರಡು ಸೆಕೆಂಡ್ ಕಾಲು ತೆಗೆದ್ರೆ ಮತ್ತೆ ಸರಿ. ಗ್ಯಾರೇಜ್‌ನವರು ಟ್ವಿನ್ ಕಾರ್ಬ್ (ಎರಡು ಕಾರ್ಬ್ಯುರೇಟರ್), ಎಲೆಕ್ಟ್ರಿಕ್ ಪಂಪ್, ಹೆಡ್ ಸ್ಕಿಮ್ಮಿಂಗ್ (ಸಿಲಿಂಡರ್ ಹೆಡ್ಡಿನ ತಳ ಹೆರೆಯೋದು) ಅಂತಿದ್ದಾರೆ. ಯಾವುದು ಮೊದಲು?

ಜೆಟ್125
ಇದೊಳ್ಳೆ ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು. ಟ್ವಿನ್ ಕಾರ್ಬ್ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಇರೋ ಒಂದು ಕಾರ್ಬಿಗೇ ಪೆಟ್ರೋಲ್ ಸಾಲ್ತಿಲ್ಲ.

ಕಾಲು ತೆಗೆದು ಎರಡು ಸೆಕೆಂಡಲ್ಲಿ ಸರಿ ಹೋಗುತ್ತೆ ಅಂದ್ರಲ್ಲ, ಅದೇ ಸುಳಿವು. ಇಗ್ನಿಷನ್ ದೋಷ ಆಗಿದ್ರೆ 4000 ಮುಟ್ಟಿದ ಕ್ಷಣವೇ ಮಿಸ್ ಹೊಡೆಯೋದು, ನಾಲ್ಕು ಸೆಕೆಂಡ್ ಕಾಯ್ತಿರಲಿಲ್ಲ. ಇಲ್ಲಿ ಕಾರ್ಬಿನಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು, ಅಂದ್ರೆ ಫ್ಲೋಟ್ ಬೌಲ್, ಖಾಲಿ ಆಗ್ತಿದೆ, ಕಾಲು ತೆಗೆದಾಗ ಮತ್ತೆ ತುಂಬ್ತಿದೆ. ಖಾತ್ರಿ ಬೇಕಾದ್ರೆ ಎಂಜಿನ್ ಕುಂದಿದ ತಕ್ಷಣ ಕ್ಲಚ್ ಒತ್ತಿ, ಕೀ ಆಫ್ ಮಾಡಿ, ಗಾಡಿ ನಿಲ್ಲಿಸಿ ಬೌಲ್ ಬಿಚ್ಚಿ ನೋಡಿ. ಸ್ಟೀರಿಂಗ್ ಲಾಕ್ ಬೀಳೋಷ್ಟು ಹಿಂದಕ್ಕೆ ಮಾತ್ರ ಕೀ ತಿರುಗಿಸಬೇಡಿ.

ತುಕ್ಕು ಮೊದಲು ಮುಚ್ಚೋದು ಟ್ಯಾಂಕಿನೊಳಗಿನ ಜಾಲರಿಯನ್ನ, ಆಮೇಲೆ ಪಂಪಿನ ವಾಲ್ವನ್ನ. ಟ್ಯಾಂಕ್ ಇಳಿಸಿ, ಪೆಟ್ರೋಲ್ ಪೂರ್ತಿ ತೆಗೆದು, ಸೋಪು ನೀರಲ್ಲಿ ತೊಳೆಯಿರಿ. ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಲೀಟರಿಗೆ 100 ಗ್ರಾಂ, ಬಿಸಿನೀರು, ಕತ್ತಿನ ತನಕ ತುಂಬಿ 24 ಗಂಟೆ ಬಿಡಿ. ಅರ್ಧ ತುಂಬಿದ್ರೆ ಮೇಲಿನ ಅರ್ಧ ಇನ್ನಷ್ಟು ತುಕ್ಕು ಹಿಡಿಯುತ್ತೆ. ಚೆಲ್ಲಿದ ಮೇಲೆ ಲೀಟರಿಗೆ 20 ಗ್ರಾಂ ಅಡುಗೆ ಸೋಡಾ ಹಾಕಿದ ನೀರಲ್ಲಿ ತೊಳೆದು, ಆ ಕ್ಷಣವೇ ಬಿಸಿ ಗಾಳಿ ಹೊಡೆದು ಒಣಗಿಸಿ. ಹತ್ತು ನಿಮಿಷ ತಡ ಮಾಡಿದ್ರೂ ಕೆಂಪು ಪದರ ಮತ್ತೆ ಹತ್ತುತ್ತೆ. ತೂತು ಸಿಕ್ಕಿದ್ರೆ ಬೀದಿ ಬದಿ ವೆಲ್ಡಿಂಗಿಗೆ ಮಾತ್ರ ಕೊಡಬೇಡಿ. ಖಾಲಿ ಪೆಟ್ರೋಲ್ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗಿರೋದು ಆವಿ.

ಹಳೇ ಹೋಸ್‌ಗಳೆಲ್ಲ ಇ20ಗೆ (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್) ಮೆತ್ತಗಾಗಿ ಒಳಗಿಂದ ಸಿಪ್ಪೆ ಏಳುತ್ತವೆ. ಎಸ್‌ಎಇ ಜೆ30 ಆರ್9 ಅಂತ ಮೈಮೇಲೆ ಅಚ್ಚಾಗಿರೋ ಹೋಸನ್ನೇ ತಗೊಳ್ಳಿ. ಬೆಂಗಳೂರಿನ ಜೆಸಿ ರೋಡಲ್ಲಿ ಮೀಟರ್ ಲೆಕ್ಕದಲ್ಲಿ ಕೊಡ್ತಾರೆ, ಆದ್ರೆ ಅಚ್ಚು ಓದದೆ ದುಡ್ಡು ಕೊಡಬೇಡಿ. ಪಂಪಿನ ಡಯಾಫ್ರಮ್ಮೂ ಬದಲಿಸಿ. ಕಾರ್ಬಿಗೆ ಬೇಕಾದ ಒತ್ತಡ 3ರಿಂದ 4 ಪಿಎಸ್‌ಐ ಅಷ್ಟೇ. ಅಗ್ಗದ ಎಲೆಕ್ಟ್ರಿಕ್ ಪಂಪ್ 7 ಕೊಟ್ರೆ ಫ್ಲೋಟ್ ನೀಡಲ್ ತಡೆಯಲ್ಲ, ಪೆಟ್ರೋಲ್ ಉಕ್ಕಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತೆ. ರೆಗ್ಯುಲೇಟರ್ ಇಲ್ಲದೆ ಹಾಕಲೇಬೇಡಿ.

ಜೆಟ್ (ಕಾರ್ಬಿನಲ್ಲಿ ಪೆಟ್ರೋಲ್ ಹರಿಯೋ ಸಣ್ಣ ತೂತು) ಬಗ್ಗೆ ಒಂದು ಮಾತು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಹಾಗಾಗಿ ಮಿಕ್ಸ್ಚರ್ ತಾನಾಗೇ ಶೇ. 4ರಷ್ಟು ರಿಚ್ (ಪೆಟ್ರೋಲ್ ಜಾಸ್ತಿ) ಆಗುತ್ತೆ. ಇ20 ಅದಕ್ಕೆ ಉಲ್ಟಾ, ಶೇ. 7-8ರಷ್ಟು ಲೀನ್ (ಪೆಟ್ರೋಲ್ ಕಮ್ಮಿ) ಮಾಡುತ್ತೆ. ಕಳೆದು ನೋಡಿದ್ರೆ ಶೇ. 4 ಕೊರತೆ. ನಂಬರೇ ವ್ಯಾಸ ಹೇಳೋ ಜೆಟ್ ಆದ್ರೆ 125ರ ಜಾಗಕ್ಕೆ 127.5 ಸಾಕು, ಯಾಕಂದ್ರೆ ಹರಿವು ವ್ಯಾಸದ ವರ್ಗಕ್ಕೆ ಹೋಗುತ್ತೆ. 140 ಹಾಕಿ ಕಪ್ಪು ಹೊಗೆ ಬಿಡೋದೇ ಪವರ್ ಅಂದುಕೊಂಡವರು ಬಹಳ.

ಪೀಣ್ಯ_ಲೇತ್
ಕಂಪ್ರೆಷನ್ ಚೆನ್ನಾಗಿದೆ. ಇಲ್ಲಿನ ಎತ್ತರದಲ್ಲಿ ಗೇಜ್ ಸಮುದ್ರಮಟ್ಟಕ್ಕಿಂತ ಶೇ. 10ರಷ್ಟು ಕಮ್ಮಿ ತೋರಿಸುತ್ತೆ, ಮ್ಯಾನ್ಯುಯಲ್ ಅಂಕಿ ಇಟ್ಕೊಂಡು ಗಾಬರಿ ಬೇಡ. ನಾಲ್ಕರ ನಡುವಿನ ವ್ಯತ್ಯಾಸ ಶೇ. 10ರ ಒಳಗಿದೆ. ಎಂಜಿನ್ ಬಿಚ್ಚಬೇಡಿ.

ಹೆಡ್ ಸ್ಕಿಮ್ಮಿಂಗ್ ಲೆಕ್ಕ ಹಾಕಿ ನೋಡಿ. ಬೋರ್ (ಸಿಲಿಂಡರ್ ವ್ಯಾಸ) 84 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 82, ಅಂದ್ರೆ ಸಿಲಿಂಡರಿಗೆ 454 ಸಿಸಿ. ಕಂಪ್ರೆಷನ್ ರೇಶಿಯೋ 8.5 ಅಂತಿಟ್ಟರೆ ಮೇಲಿನ ಜಾಗ 60 ಸಿಸಿ ಚಿಲ್ಲರೆ. ಅರ್ಧ ಮಿ.ಮೀ. ಹೆರೆದ್ರೆ ಹೋಗೋದು ಎರಡು, ಎರಡೂವರೆ ಸಿಸಿ, ರೇಶಿಯೋ 8.8 ಮುಟ್ಟೋದೇ ಕಷ್ಟ. ಬದಲಿಗೆ ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್) ಹೆಡ್ ಮೇಲಿರೋದ್ರಿಂದ ಕ್ರ್ಯಾಂಕಿಗೆ ಹತ್ತಿರವಾಗಿ ವಾಲ್ವ್ ಟೈಮಿಂಗ್ ರಿಟಾರ್ಡ್ (ತಡ) ಆಗುತ್ತೆ. ಹೆಡ್ ಸೊಟ್ಟ ಆಗಿದ್ರೆ ಮಾತ್ರ ಹೆರೆಸಿ.

ಆಕ್ಸಲ್ ಕುಣಿಯೋದಕ್ಕೆ ಕಾರಣ ಬುಷ್, ಅಂದ್ರೆ ಆಕ್ಸಲ್ ಹಿಡಿಯೋ ಲಿಂಕ್‌ಗಳ ತುದಿಯ ರಬ್ಬರ್ ತೋಳು. ಕ್ಲಚ್ ಬಿಟ್ಟಾಗ ಆಕ್ಸಲ್ ಹೌಸಿಂಗ್ ತಿರುಚಿಕೊಳ್ಳುತ್ತೆ, ಪಿನಿಯನ್ ಮೂತಿ ಮೇಲೇಳುತ್ತೆ, ಟೈರ್ ಹಿಡಿತ ಬಿಟ್ಟ ತಕ್ಷಣ ವಾಪಸ್ ಬೀಳುತ್ತೆ. ಸೆಕೆಂಡಿಗೆ ಹಲವು ಸಲ ಇದೇ ಆಟ. ಬುಷ್ ಸತ್ತು ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಸೋತಿದ್ರೆ ತಡೆಯೋರಿಲ್ಲ. ಹಾಗೇ ಬಿಟ್ರೆ ಮೊದಲು ಯೂನಿವರ್ಸಲ್ ಜಾಯಿಂಟ್ ಹೋಗುತ್ತೆ, ಆಮೇಲೆ ಆಕ್ಸಲ್ ಒಳಗಿನ ಗೇರ್ ಜೋಡಿ, ಅಂದ್ರೆ ಕ್ರೌನ್ ಪಿನಿಯನ್. ಲಿಂಕ್ ಬುಷ್ ಅಷ್ಟೂ, ಹಿಂದಿನ ಡ್ಯಾಂಪರ್ ಜೋಡಿ, ಗೇರ್‌ಬಾಕ್ಸ್ ಮೌಂಟ್ ಒಟ್ಟಿಗೇ ಬದಲಿಸಿ. ಅಳತೆಯ ಬುಷ್ ಸಿಗದಿದ್ರೆ ಪಾಲಿಯುರೆಥೇನಲ್ಲಿ ತಿರುಗಿಸಿ ಕೊಡೋರು ಪೀಣ್ಯದಲ್ಲಿದ್ದಾರೆ. 80 ಶೋರ್ ಎ (ಗಡಸುತನದ ಅಳತೆ) ಕೇಳಿ, 95 ಹಾಕಿದ್ರೆ ಹಲ್ಲು ಉದುರುತ್ತೆ. ರಬ್ಬರ್ ಬುಷ್ ಆದ್ರೆ ಬೋಲ್ಟಿನ ಕೊನೇ ಬಿಗಿ ಚಕ್ರ ನೆಲದ ಮೇಲಿದ್ದಾಗಲೇ. ಜ್ಯಾಕ್ ಮೇಲೆ ಬಿಗಿದ್ರೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ತಿಂಗಳಲ್ಲಿ ಹರಿಯುತ್ತೆ.

ಆರ್‌ಪಿಎಂ ಏರಿ ವೇಗ ಏರದಿದ್ರೆ ಕ್ಲಚ್ ಜಾರ್ತಿದೆ ಅಂತರ್ಥ, ಆದ್ರೆ ಬರೀ ಪ್ಲೇಟ್ ಹಾಕಿ ಮುಚ್ಚಬೇಡಿ. ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರೋ ಕವಚ) ಒಳಗೆ ಎಣ್ಣೆ ಇದೆಯಾ ನೋಡಿ. ಕ್ರ್ಯಾಂಕ್ ಹಿಂಭಾಗದ ಸೀಲೋ ಗೇರ್‌ಬಾಕ್ಸ್ ಮುಂದಿನ ಸೀಲೋ ಅಂತ ವಾಸನೆಯೇ ಹೇಳುತ್ತೆ, ಗೇರ್ ಆಯಿಲ್ ಗಂಧಕದ ಹಾಗೆ ನಾರುತ್ತೆ. ಎರಡೂ ಸೀಲ್ ಬದಲಿಸಿ, ಫ್ಲೈವೀಲ್ ನೀಲಿ ಕಲೆ ಹೋಗೋ ತನಕ ಗ್ರೈಂಡ್ ಮಾಡಿಸಿ. ಹೊಸ ಪ್ಲೇಟನ್ನ 300 ಕಿ.ಮೀ. ಊರೊಳಗೆ ಮೆತ್ತಗೆ ಓಡಿಸಿದ ಮೇಲೇ ಲಾಂಚ್ (ಜೋರಾಗಿ ಹೊರಡಿಸೋದು).

ಬಸವನಗುಡಿ_ಶೆಡ್
ಇಬ್ಬರಿಗೂ ನಮಸ್ಕಾರ. ಬೆಲ್ ಹೌಸಿಂಗ್ ಕೆಳಗಿನ ತೂತಲ್ಲಿ ಎಣ್ಣೆ ಇದೆ, ಗಂಧಕದ ನಾತವೇ. ಇದೆಲ್ಲ ಆದ ಮೇಲೆ ಎಷ್ಟು ಸೆಕೆಂಡ್ ನಿರೀಕ್ಷಿಸಬಹುದು? ಹಿಂದಿನ ಸೀಟ್ ಕಿತ್ತು ರೋಲ್ ಕೇಜ್ (ಗಾಡಿ ಮಗುಚಿದ್ರೆ ಕಾಯೋ ಪೈಪಿನ ಗೂಡು) ವೆಲ್ಡ್ ಮಾಡಿಸಿದ್ರೆ ಆರ್‌ಸಿಗೆ ತೊಂದರೆಯಾ?

ಕಾಲು_ಮೈಲಿ
ಗಾಡಿ, ಚಾಲಕ ಸೇರಿ 1270 ಕೆ.ಜಿ., 85 ಎಚ್‌ಪಿ ಅಂತಿಟ್ಕೊಳ್ಳಿ. ಇಲ್ಲಿನ ಗಾಳಿಗೆ ಉಳಿಯೋದು 77. ಲೆಕ್ಕದ ಪ್ರಕಾರ 19 ಸೆಕೆಂಡ್ ಆಸುಪಾಸು, ಗೆರೆ ದಾಟುವಾಗ ಗಂಟೆಗೆ 110-115 ಕಿ.ಮೀ. ಐವತ್ತು ಕೆ.ಜಿ. ಇಳಿಸಿದ್ರೆ ಕಾಲು ಸೆಕೆಂಡ್ ಉಳಿತಾಯ. ಸ್ಪೇರ್ ವೀಲ್, ಜ್ಯಾಕ್, ಹಿಂದಿನ ಸೀಟ್ ಬೋಲ್ಟ್ ಬಿಚ್ಚಿ ಇಳಿಸಿದ್ರೇ ಅಷ್ಟರ ಹತ್ತಿರ ಬರುತ್ತೆ, ಏನೂ ಕತ್ತರಿಸಬೇಕಿಲ್ಲ. ಮೊದಲ 18 ಮೀಟರಲ್ಲಿ ಉಳಿಸಿದ ಸಮಯ ಕೊನೆಗೆ ಒಂದೂವರೆ ಪಟ್ಟಾದರೂ ಆಗುತ್ತೆ, ಹಾಗಾಗಿ ಟರ್ಬೋಗಿಂತ ಬುಷ್ ಅಗ್ಗ. ಲಾಂಚ್ 2000 ಆರ್‌ಪಿಎಂನಿಂದ ಶುರು ಮಾಡಿ 200, 200 ಏರಿಸಿ. ಚಕ್ರ ಸುತ್ತಿದ್ರೆ ಹಿಂದೆ ಇಳಿಯಿರಿ.

115ರಿಂದ ನಿಲ್ಲಿಸೋಕೆ ಒಂಬತ್ತು ವರ್ಷದ ಬ್ರೇಕ್ ಹೋಸ್ ನಂಬಬೇಡಿ. ಒಳಗೆ ಊದಿಕೊಂಡ ಹೋಸ್ ಒತ್ತಡವನ್ನ ವಾಪಸ್ ಬಿಡಲ್ಲ, ಒಂದು ಚಕ್ರ ಹಿಡಿದುಕೊಂಡೇ ಇರುತ್ತೆ. ಹೋಸ್, ವೀಲ್ ಸಿಲಿಂಡರ್ ಕಪ್ ಬದಲಿಸಿ, ಹೊಸ ಡಾಟ್ 4 ಬ್ರೇಕ್ ಆಯಿಲ್ ಹಾಕಿ. ಟೈರ್ ಪಕ್ಕದ ನಾಲ್ಕಂಕಿಯಲ್ಲಿ ಕೊನೇ ಎರಡಂಕಿ ತಯಾರಾದ ವರ್ಷ. ಆರು ವರ್ಷ ದಾಟಿದ್ರೆ ಎಸೆಯಿರಿ, ಟ್ರೆಡ್ ಎಷ್ಟೇ ಉಳಿದಿರಲಿ.

ಆರ್‌ಸಿ_ಓದಿ
ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿನ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಬೋಲ್ಟ್ ಹಾಕೋ ಕೇಜ್ ತಗೊಳ್ಳಿ, ಟ್ರ್ಯಾಕಲ್ಲಿ ಹಾಕಿ, ಮನೆಗೆ ಬರೋವಾಗ ತೆಗೆಯಿರಿ. ಹೆಲ್ಮೆಟ್ ಇಲ್ಲದ ತಲೆಗೆ ಕೇಜಿನ ಪೈಪೇ ಸುತ್ತಿಗೆ. 2021ರ ವಿಂಟೇಜ್ ನಿಯಮದ ‘ವಿಎ’ ನೋಂದಣಿಗೆ 50 ವರ್ಷ ಆಗಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. 1991ರ ಗಾಡಿಗೆ ಅದು 2041. ಈಗ ಕತ್ತರಿಸಿದ್ರೆ ಆಗ ಕೇಳೋ ಹಕ್ಕೂ ಹೋಗುತ್ತೆ.

ನೈಸ್ ರೋಡು, ಏರ್‌ಪೋರ್ಟ್ ರೋಡಲ್ಲಿ ಟೈಮಿಂಗ್ ಹಾಕೋದು ಅದೇ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ) ಅನುಮತಿ ಇರೋ ಕಾರ್ಯಕ್ರಮಕ್ಕೆ ಹೆಸರು ಕೊಡಿ. ತಪಾಸಣೆಗೆ ಹೋಗೋ ಮುಂಚೆ ಬ್ಯಾಟರಿ ಕ್ಲ್ಯಾಂಪ್ ಅಲ್ಲಾಡುತ್ತಾ, ಥ್ರಾಟಲ್‌ಗೆ ಎರಡನೇ ರಿಟರ್ನ್ ಸ್ಪ್ರಿಂಗ್ ಇದೆಯಾ ನೋಡ್ಕೊಳ್ಳಿ.