ಪರದೇಶಿ: ಊರು ಬಿಟ್ಟವನೋ, ಯಾರೂ ಇಲ್ಲದವನೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಓದುಗರ ಗುಂಪಿಗಾಗಿ ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’ (1937) ಕಿರುಕಾದಂಬರಿಯ ಕೆಲವು ಭಾಗಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಎರಡು ವಾರದಿಂದ ಅಲ್ಲೇ ನಿಂತಿದ್ದೇನೆ. ನಿಮ್ಮ ಅಭಿಪ್ರಾಯ ಬೇಕು.

ಪದ ‘ಬಿಂಡಲ್‌ಸ್ಟಿಫ್’. ಬಿಂಡಲ್ ಅಂದರೆ ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಹಾಕಿಕೊಳ್ಳುವ ಗಂಟು. ಕ್ಯಾಲಿಫೋರ್ನಿಯಾದಲ್ಲಿ ಕೂಲಿಗಾಗಿ ಒಂದು ರಾಂಚ್‌ನಿಂದ (ಆಳುಗಳಿಟ್ಟು ನಡೆಸುವ ದೊಡ್ಡ ಜಮೀನು) ಇನ್ನೊಂದಕ್ಕೆ ಅಲೆಯುತ್ತಿದ್ದ ಗಂಡಾಳುಗಳಿಗೆ ಈ ಹೆಸರು. ಅವರ ಆಸ್ತಿಯೆಲ್ಲ ಆ ಗಂಟಿನೊಳಗೇ. ಕಥೆಯ ಜಾರ್ಜ್ ಮತ್ತು ಅವನ ಜೊತೆ ಅಲೆಯುವ, ಬುದ್ಧಿ ಮಂದವಾದ ಲೆನ್ನಿ ಇಂಥವರೇ. ಬಾರ್ಲಿ ಮೂಟೆ ಹೊರುವ ಕೆಲಸ, ತಿಂಗಳಿಗೆ 50 ಡಾಲರ್. ರಾಂಚ್ ಇರುವುದು ಸೊಲೆದಾದ್ ಊರಿನ ಹತ್ತಿರ. ಸ್ಪ್ಯಾನಿಶ್‌ನಲ್ಲಿ ಸೊಲೆದಾದ್ ಅಂದರೇನೇ ಒಂಟಿತನ. ಅದು ನಿಜವಾಗಿಯೂ ಇರುವ ಊರು.

ಮೊದಲು ‘ಗುಳೆ ಬಂದವರು’ ಅಂತ ಬರೆದೆ. ಓದಿ ನೋಡಿದರೆ ಒಗ್ಗಲಿಲ್ಲ. ಗುಳೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ರಾಯಚೂರು, ಯಾದಗಿರಿ ಕಡೆಯಿಂದ ಹೆಂಡತಿ ಮಕ್ಕಳು, ಪಾತ್ರೆ ಪಗಡೆ ಸಮೇತ ಬಸ್ಸು ಹತ್ತುವ ಸಂಸಾರ. ಮನೆಗೆ ಬೀಗ ಹಾಕಿರುತ್ತಾರೆ, ಇಲ್ಲವೇ ಮುದುಕರನ್ನು ಬಿಟ್ಟು ಬಂದಿರುತ್ತಾರೆ. ಮಳೆ ಬಿದ್ದರೆ, ಹಬ್ಬ ಬಂದರೆ ವಾಪಸು ಹೋಗುತ್ತಾರೆ. ಕಷ್ಟ ಬೇಕಾದಷ್ಟಿದೆ. ಆದರೆ ಬೆನ್ನ ಹಿಂದೆ ಒಂದು ಊರಿದೆ. ಸ್ಟೈನ್‌ಬೆಕ್‌ನ ಆಳುಗಳಿಗೆ ಅದಿಲ್ಲ. ಒಂದು ಕಡೆ ದುಡಿದದ್ದನ್ನು ಪೇಟೆಯಲ್ಲಿ ಕಳೆದು, ಮತ್ತೆ ಇನ್ನೊಂದು ಕಡೆ ದುಡಿಯಲು ಹೋಗುತ್ತಾರೆ. ‘ಅಲೆಮಾರಿ’ಯೂ ಸರಿಹೋಗಲಿಲ್ಲ. ನಮ್ಮಲ್ಲಿ ಆ ಮಾತಿಗೆ ಕುಲಕಸುಬು, ಗುಂಪು, ಗುಡಾರ ಎಲ್ಲ ಅಂಟಿಕೊಂಡಿವೆ.

ಆಗ ನಮ್ಮಜ್ಜಿಯ ಮಾತು ನೆನಪಾಯಿತು. ತಾತ ತೀರಿಕೊಂಡ ಮೇಲೆ ಜಗಲಿ ಮೇಲೆ ಕೂತು ‘ನಾನು ಪರದೇಶಿ ಆಗ್ಬುಟ್ಟೆ ಕಣಪ್ಪ’ ಅನ್ನುತ್ತಿದ್ದರು. ಆ ಮನೆಗೆ ಸೊಸೆಯಾಗಿ ಬಂದವರು ಮತ್ತೆ ಊರು ಬಿಟ್ಟು ಹೋದವರೇ ಅಲ್ಲ. ಹಾಗಿದ್ದರೆ ಪರದೇಶ ಎಲ್ಲಿಂದ ಬಂತು? ಪದದ ಮೊದಲ ಅರ್ಥ ಬೇರೆ ನಾಡಿನವನು ಅಂತ. ಆಡುಮಾತಿನಲ್ಲಿ ಅದು ಹೇಳೋರು ಕೇಳೋರು ಇಲ್ಲದವನು ಅಂತ ಆಗಿದೆ. ಊರು ಬಿಟ್ಟವನಿಗೆ ದಿಕ್ಕಿಲ್ಲ ಅನ್ನುವುದನ್ನು ಜನ ಕಂಡು ಕಂಡು, ಎರಡನ್ನೂ ಒಂದೇ ಪದಕ್ಕೆ ಹೊರಿಸಿದ್ದಾರೆ. ನನಗೆ ಬೇಕಿದ್ದದ್ದು ಇದೇ.

ಇನ್ನೂ ಒಂದು ಅನುಕೂಲವಿದೆ. ‘ಪಾಪ, ಪರದೇಶಿ’ ಅಂತ ಮರುಕದಿಂದಲೂ ಹೇಳುತ್ತೇವೆ, ‘ಪರದೇಶಿ ನನ್ಮಗ’ ಅಂತ ಬೈಯಲೂ ಬಳಸುತ್ತೇವೆ. ಕಥೆಯಲ್ಲಿ ಯಜಮಾನನ ಸೊಸೆ ಆಳುಗಳನ್ನು ಬಿಂಡಲ್‌ಸ್ಟಿಫ್‌ಗಳು ಅಂತ ಹೀಯಾಳಿಸುತ್ತಾಳೆ. ಹಾಗೆ ಅನ್ನುವವಳಿಗೂ ಆ ರಾಂಚ್‌ನಲ್ಲಿ ಮಾತಾಡಲು ಒಂದು ಜೀವವಿಲ್ಲ. ಅವಳಿಗೆ ಹೆಸರು ಕೂಡ ಇಲ್ಲ, ಕೊನೆಯವರೆಗೂ ‘ಕರ್ಲಿಯ ಹೆಂಡತಿ’ ಅಷ್ಟೆ.

ಪದವನ್ನು ಒರೆಗೆ ಹಚ್ಚಿದ್ದು ಕ್ರೂಕ್ಸ್‌ನ ಕೋಣೆಯಲ್ಲಿ. ಅವನು ಲಾಯ ನೋಡಿಕೊಳ್ಳುವ ಕಪ್ಪು ಮನುಷ್ಯ, ಬೆನ್ನು ಸೊಟ್ಟಗಾಗಿದೆ. ಉಳಿದವರೆಲ್ಲ ಆಳುಗಳ ಬಿಡಾರದಲ್ಲಿ ಮಲಗಿದರೆ, ಇವನು ಕುದುರೆ ಸರಂಜಾಮು ಇಡುವ ಕೋಣೆಯಲ್ಲಿ. ಅಲ್ಲಿ ಏನೇನಿದೆ ನೋಡಿ: ಹಲವು ಜೊತೆ ಶೂ, ದೊಡ್ಡ ಅಲಾರಂ ಗಡಿಯಾರ, ಮೊಳೆಗೆ ತೂಗುಹಾಕಿದ ಚಿನ್ನದ ಫ್ರೇಮಿನ ಕನ್ನಡಕ, ಹರಿದ ನಿಘಂಟು, 1905ರ ಕ್ಯಾಲಿಫೋರ್ನಿಯಾ ಸಿವಿಲ್ ಕೋಡ್. ಬೆನ್ನ ಮೇಲೆ ಹೊತ್ತುಕೊಂಡು ಹೋಗಲಾಗದಷ್ಟು ಸಾಮಾನು. ಅಂದರೆ ಅಲ್ಲಿ ಗಂಟು ಕಟ್ಟದೆ ನೆಲೆ ನಿಂತವನು ಅವನು. ಹುಟ್ಟಿದ್ದೂ ಕ್ಯಾಲಿಫೋರ್ನಿಯಾದಲ್ಲೇ. ಅವನ ಅಪ್ಪನಿಗೆ ಅಲ್ಲೇ ಕೋಳಿ ಸಾಕುವ ಜಾಗವೂ ಇತ್ತು. ಆದರೂ ಬಿಡಾರದ ಇಸ್ಪೀಟಿಗೆ ಅವನನ್ನು ಸೇರಿಸುವುದಿಲ್ಲ. ಪುಸ್ತಕ ಎಷ್ಟಿದ್ದರೇನು, ಪಕ್ಕದಲ್ಲಿ ಒಬ್ಬರು ಬೇಕು ಅನ್ನುವ ಮಾತನ್ನು ಅವನು ಲೆನ್ನಿಯ ಮುಂದೆ ಆಡುತ್ತಾನೆ. ಹುಟ್ಟಿದ ನೆಲದಲ್ಲೇ ಪರದೇಶಿ. ‘ಒಂಟಿ’ ಅಂದರೂ ‘ಏಕಾಂಗಿ’ ಅಂದರೂ ಇಷ್ಟು ಬರುವುದಿಲ್ಲ. ಅವನನ್ನು ಒಂಟಿಯಾಗಿ ಇಟ್ಟವರು ಇದ್ದಾರೆ ಅನ್ನುವುದು ಆ ಪದಗಳಲ್ಲಿ ಮರೆಯಾಗುತ್ತದೆ.

ಇನ್ನು ಇದರ ಎದುರಿನ ಪದ. ಜಾರ್ಜ್‌ಗೂ ಲೆನ್ನಿಗೂ ಇರುವುದನ್ನು ಏನನ್ನಬೇಕು? ‘ಸ್ನೇಹ’, ‘ಗೆಳೆತನ’ ಎರಡನ್ನೂ ಬರೆದು ಹೊಡೆದುಹಾಕಿದೆ. ತಪ್ಪು ಅಂತಲ್ಲ. ಆದರೆ ಜಾರ್ಜ್ ಆ ಮಾತನ್ನು ಬಾಯಿಬಿಟ್ಟು ಆಡುವ ಮನುಷ್ಯನಲ್ಲ. ನನಗೆ ಹಿಡಿಸಿದ್ದು ‘ಜೊತೆ’. ‘ನಾವಿಬ್ಬರೂ ಜೊತೆ’ ಅಂದರೆ ಒಟ್ಟಿಗೆ ನಡೆಯುವುದೂ ಬಂತು, ಒಬ್ಬರನ್ನೊಬ್ಬರು ಬಿಡದಿರುವುದೂ ಬಂತು. ಲೆನ್ನಿಯ ಕಡೆಯಿಂದ ನೋಡಿದರೆ ‘ದಿಕ್ಕು’. ಅವನಿಗೆ ಜಾರ್ಜ್ ಬಿಟ್ಟರೆ ಬೇರೆ ದಿಕ್ಕಿಲ್ಲ.

ಆ ಜೊತೆಯನ್ನು ಯಜಮಾನ ನಂಬುವುದಿಲ್ಲ. ಒಬ್ಬ ಕೂಲಿಯವನು ಇನ್ನೊಬ್ಬನಿಗಾಗಿ ಇಷ್ಟು ಮಾತಾಡುತ್ತಾನೆ ಅಂದರೆ ಅವನ ಸಂಬಳ ಹೊಡೆಯಲು ಇರಬೇಕು ಅಂತ ಅನುಮಾನ ಪಡುತ್ತಾನೆ. ಆಗ ಜಾರ್ಜ್ ಇವನು ನನ್ನ ಕಸಿನ್ ಅಂತ ಸುಳ್ಳು ಹೇಳುತ್ತಾನೆ. ಇಲ್ಲಿ ಕನ್ನಡ ಪೇಚಿಗೆ ಸಿಕ್ಕಿಸುತ್ತದೆ. ಚಿಕ್ಕಪ್ಪನ ಮಗನೋ, ಅತ್ತೆ ಮಗನೋ, ಯಾವುದೋ ಒಂದು ಆರಿಸಲೇಬೇಕು. ಸುಮ್ನೆ ‘ನಮ್ಮ ಸಂಬಂಧಿ’ ಅಂದರೆ ಯಜಮಾನ ಮತ್ತೆ ಕೇಳುತ್ತಾನೆ ಅನ್ನಿಸುತ್ತದೆ. ‘ನಮ್ಮೂರವನು’ ಅಂದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ, ಇಬ್ಬರೂ ಆಬರ್ನ್‌ನಲ್ಲಿ ಹುಟ್ಟಿದವರು. ನಮ್ಮಲ್ಲಿ ಆ ಒಂದು ಮಾತು ಸಾಕಾಗುತ್ತಿತ್ತು, ಅಲ್ವಾ? ಅಲ್ಲಿ ಸಾಲದು. ಸದ್ಯಕ್ಕೆ ‘ಚಿಕ್ಕಮ್ಮನ ಮಗ’ ಅಂತ ಇಟ್ಟಿದ್ದೇನೆ.

ಕೊನೆಗೆ ಒಂದು ಸಣ್ಣ ಪ್ರಸಂಗ. ಓದುವಾಗ ಎಷ್ಟೋ ಜನ ದಾಟಿಬಿಡುತ್ತಾರೆ. ವಿಟ್ ಅನ್ನುವ ಹುಡುಗ ಬಿಡಾರಕ್ಕೆ ಒಂದು ಹಳೆಯ ಪತ್ರಿಕೆ ತಂದು, ಅದರಲ್ಲಿ ಅಚ್ಚಾದ ಓದುಗರ ಪತ್ರ ತೋರಿಸುತ್ತಾನೆ. ಬರೆದವನು ಬಿಲ್ ಟೆನ್ನರ್. ಕೆಲವು ತಿಂಗಳ ಹಿಂದೆ ಇದೇ ಬಿಡಾರದಲ್ಲಿ ಇದ್ದವನು, ಇವರ ಜೊತೆ ಹೊಲದಲ್ಲಿ ದುಡಿದವನು. ಈಗ ಎಲ್ಲಿದ್ದಾನೋ ಯಾರೂ ಹೇಳುವುದಿಲ್ಲ. ವಿಟ್ ಮಾತ್ರ ಆ ಪುಟವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ. ಜಾರ್ಜ್ ನೋಡಲು ಕೈಚಾಚಿದರೂ ಬಿಡದೆ, ತಾನೇ ಹಿಡಿದುಕೊಂಡು ಬೆರಳಿಟ್ಟು ತೋರಿಸುತ್ತಾನೆ. ಆಮೇಲೆ ತನ್ನ ಮಂಚದ ಮೇಲಿನ ಪೆಟ್ಟಿಗೆಯಲ್ಲಿ ಎತ್ತಿಡುತ್ತಾನೆ. ಜೊತೆಯಲ್ಲಿ ದುಡಿದವನ ಹೆಸರು ಅಚ್ಚಿನಲ್ಲಿ ಸಿಕ್ಕಿತಲ್ಲ, ಅಷ್ಟಕ್ಕೇ. ಈ ಭಾಗದಲ್ಲಿ ವಿಟ್‌ಗೆ ಬಿಲ್ ಏನಾಗಬೇಕು? ಗೆಳೆಯ ಅಂದರೆ ಜಾಸ್ತಿಯಾಯಿತು, ಪರಿಚಯದವನು ಅಂದರೆ ಕಡಿಮೆಯಾಯಿತು. ‘ಜೊತೆಯವನು’ ಅಂತ ಬರೆದು ನೋಡಿದೆ, ಆದರೆ ಅದನ್ನು ಜಾರ್ಜ್ ಮತ್ತು ಲೆನ್ನಿಗೆ ಮೀಸಲಿಡುವ ಆಸೆ.

ಈಗ ನನ್ನ ಪ್ರಶ್ನೆಗಳು. ನಿಮ್ಮ ಕಡೆ ‘ಪರದೇಶಿ’ ಅಂದರೆ ಈಗಿನ ಹುಡುಗರಿಗೆ ಯಾರೂ ಇಲ್ಲದವನು ಅನ್ನುವ ಅರ್ಥ ಹೊಳೆಯುತ್ತದಾ, ಅಥವಾ ವಿದೇಶದವನು ಅಂತಲೇ ಓದಿಕೊಳ್ಳುತ್ತಾರಾ? ಧಾರವಾಡ, ಕಲಬುರಗಿ ಕಡೆಯವರು ಇದನ್ನು ಬೈಗುಳವಾಗಿಯೇ ಜಾಸ್ತಿ ಕೇಳಿದ್ದೀರಾ? ಮತ್ತೆ ಕಾಫಿ ತೋಟ, ಗಾರೆ ಕೆಲಸ, ಕಬ್ಬು ಕಡಿಯುವ ಕಡೆ ಒಂದೇ ಸುಗ್ಗಿಯಲ್ಲಿ ಪಕ್ಕದಲ್ಲಿ ದುಡಿದು ಆಮೇಲೆ ಕಾಣದೇ ಹೋದವನಿಗೆ ಆಳುಗಳೇ ಬಳಸುವ ಪದ ಏನಾದರೂ ಇದ್ದರೆ ದಯವಿಟ್ಟು ತಿಳಿಸಿ. ವಿಟ್‌ನ ಆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.