ಅಮ್ಮನಿಗೆ ಇನ್ನು ಮದ್ದಿಲ್ಲ ಅಂದಿದ್ದಾರೆ: ಮನೆಯಲ್ಲೇ ನೋಡಿಕೊಳ್ಳಬಹುದಾ?

ತೋಟದಮನೆ, ಕಾಸರಗೋಡಿನ ಬದಿಯಡ್ಕ ಹತ್ತಿರ:

ಅಮ್ಮನಿಗೆ 81. ಊರಲ್ಲಿ ಅಣ್ಣ, ಅತ್ತಿಗೆ ಒಟ್ಟಿಗೆ ಇದ್ದಾರೆ, ನಾನು ಬೆಂಗಳೂರಿನಲ್ಲಿ. ಕ್ಯಾನ್ಸರ್ ಲಿವರಿಗೂ ಹರಡಿದೆ, ಇನ್ನು ಕೀಮೋ ಕೊಟ್ಟು ಪ್ರಯೋಜನ ಇಲ್ಲ ಅಂತ ಮಂಗಳೂರಿನ ಡಾಕ್ಟರು ಹೋದ ವಾರ ನಮ್ಮನ್ನು ಹೊರಗೆ ಕರೆದು ಹೇಳಿದರು. ಅಮ್ಮನಿಗೆ ಹೇಳಿಲ್ಲ. ಹೇಳಿದರೆ ಎದೆ ಒಡೆದುಕೊಳ್ಳುತ್ತಾರೆ ಅಂತ ಅಣ್ಣ. ನೋವು ಜೋರಾದರೆ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಓಡುವುದು, ಐಸಿಯು, ಇಷ್ಟೇ ನಮಗೆ ಗೊತ್ತಿರುವುದು. ಮನೆಯಲ್ಲೇ ನೋಡಿಕೊಳ್ಳಲಿಕ್ಕೆ ಆಗುತ್ತದಾ? ಈಗಲೇ ಎಂತೆಲ್ಲ ಮಾಡಿಟ್ಟುಕೊಳ್ಳಬೇಕು?

ಪೆರ್ಲದ ಅಕ್ಕ:

ತಮ್ಮಾ, ಆಗುತ್ತದೆ. ನಾನು ಎರಡೂ ನೋಡಿದ್ದೇನೆ. ನನ್ನ ಮಾವನವರು ಹೋದದ್ದು ಐಸಿಯುನಲ್ಲಿ. ಟ್ಯೂಬ್ ಎಳೆದುಕೊಳ್ಳುತ್ತಾರೆ ಅಂತ ಕೈಗಳನ್ನು ಬಟ್ಟೆಯಲ್ಲಿ ಮಂಚಕ್ಕೆ ಕಟ್ಟಿದ್ದರು. ಹಿಂದಿನ ದಿನ "ಮನೆಗೆ ಹೋಗುವಾ" ಅಂದಿದ್ದರು, ನಾವು ಕೇಳಲಿಲ್ಲ. ಆ ಕೈಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ನನ್ನ ಅಮ್ಮನಿಗೆ ಕಾಯಿಲೆಯಾದಾಗ ಇನ್ನೊಮ್ಮೆ ಹಾಗಾಗಬಾರದು ಅಂತ ಗಟ್ಟಿ ಮಾಡಿಕೊಂಡೆ.

ಮೊದಲು ನಿಮ್ಮ ಪಂಚಾಯತಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಣ್ಣನನ್ನು ಕಳಿಸಿ, ಪಾಲಿಯೇಟಿವ್ ಸಿಸ್ಟರ್, ಅಂದರೆ ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡಿ ನೋಡಿಕೊಳ್ಳುವ ನರ್ಸ್, ಯಾರು ಅಂತ ಕೇಳಲಿ. ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು. ಕೇರಳದಲ್ಲಿ 2008ರಿಂದ ಇದಕ್ಕೆ ಸರಕಾರದ್ದೇ ನೀತಿ ಉಂಟು, ಪಂಚಾಯತಿನ ಕಡೆಯಿಂದ ಸಿಸ್ಟರ್ ಮನೆಗೇ ಬರುತ್ತಾರೆ. ಹೊರಗೆ ಎಷ್ಟೋ ದುಡ್ಡು ಕೊಟ್ಟರೂ ಸಿಗದ ಉಪಕಾರ ಇದು. ಗಡಿಯಾಚೆಯ ಆಸ್ಪತ್ರೆಯಲ್ಲಿ ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ರಿಪೋರ್ಟು ಎಲ್ಲ ಒಂದೇ ಫೈಲಿನಲ್ಲಿ ಇಡಿ.

ಭಾಷೆಯದ್ದೊಂದು ಇಲ್ಲೇ ಹೇಳಬೇಕು. ನಮ್ಮಮ್ಮ "ಸಂಕಟ, ಸಂಕಟ" ಅಂತಲೇ ಹೇಳುತ್ತಿದ್ದರು. ಸಿಸ್ಟರ್ ಮಲಯಾಳದವರು. ಅವರಲ್ಲಿ ಸಂಕಟ ಅಂದರೆ ದುಃಖ. ಪಾಪ, ಅಮ್ಮನ ಪಕ್ಕ ಕೂತು ಕೈ ಹಿಡಿದು ಸಮಾಧಾನ ಹೇಳಿ ಹೋದರು! ಅಮ್ಮ ಆ ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಮಗ್ಗುಲು ಬದಲಿಸಿದರು. ಮರುದಿನ ನಾನು ಫೋನು ಮಾಡಿ "ವೇದನೆ" ಅಂದ ಮೇಲೆಯೇ ಅವರಿಗೆ ಅರ್ಥ ಆದದ್ದು. ಆಮೇಲೆ ಒಂದು ಕಾಗದದಲ್ಲಿ ಅಮ್ಮನ ಮಾತುಗಳನ್ನೆಲ್ಲ, ಬೇನೆ, ಉರಿ, ಓಕರಿಕೆ, ಉಬ್ಬಸ ಎಲ್ಲ, ಮಲಯಾಳದಲ್ಲಿ ಬರೆಸಿ ಗೋಡೆಗೆ ಅಂಟಿಸಿದೆ. ನೀವೂ ಮಾಡಿ.

ಮಾರ್ಫಿನ್ ಅಂದ ಕೂಡಲೇ ಅಣ್ಣ ಹೆದರಬಹುದು. ಅದು ನೋವಿನ ಮದ್ದು. ಡಾಕ್ಟರು ಹೇಳಿದ ಲೆಕ್ಕದಲ್ಲಿ ಕೊಟ್ಟರೆ ಸಾವನ್ನು ಹತ್ತಿರ ತರುವುದಿಲ್ಲ. ಗಡಿಯಾರ ನೋಡಿ ಹೊತ್ತುಹೊತ್ತಿಗೆ ಕೊಡಬೇಕು, ನೋವು ಬರಲಿ ಅಂತ ಕಾಯಬಾರದು. ಮಲಬದ್ಧತೆ ಮಾಡುತ್ತದೆ, ಅದಕ್ಕೂ ಒಟ್ಟಿಗೇ ಮದ್ದು ಕೇಳಿ ಇಟ್ಟುಕೊಳ್ಳಿ.

ಇನ್ನು ಅಮ್ಮನಿಗೆ ಹೇಳುವುದು. ನಾನು ಹೇಳಲಿಲ್ಲ, ಕೇಳಿದೆ. ಜಗಲಿಯಲ್ಲಿ ಒಟ್ಟಿಗೆ ಅಡಿಕೆ ಸುಲಿಯುತ್ತಿದ್ದೆವು. "ಅಮ್ಮಾ, ಡಾಕ್ಟರು ಎಂತ ಹೇಳಿರಬಹುದು ಅಂತ ಕಾಣುತ್ತದೆ ನಿಮಗೆ?" ಅಂದೆ. ಅವರು ತಲೆ ಎತ್ತಲಿಲ್ಲ. ಮತ್ತೊಂದು ಅಡಿಕೆ ಸುಲಿದು ಗೆರಸೆಗೆ ಹಾಕಿ, "ಗೌರಿಯನ್ನು ಚಿಕ್ಕಮ್ಮನ ಮನೆಗೆ ಕೊಟ್ಟುಬಿಡಿ, ಕರು ಹಾಕುವ ಮೊದಲೇ. ಇಲ್ಲಿ ಅದನ್ನು ನೋಡುವವರು ಯಾರು?" ಅಂದರು. ದನದ ಮಾತು ಮುಗಿದ ಮೇಲೆ ಒಂದೊಂದೇ ಬಂತು. ಮಂಚ ಬಾವಿಕಟ್ಟೆ ಕಾಣುವ ಕೋಣೆಗೆ ಹಾಕಬೇಕು. ಆಸ್ಪತ್ರೆ ಬೇಡ. ಬಳೆ ಯಾವ ಮೊಮ್ಮಗಳಿಗೆ. ನಿಮ್ಮಮ್ಮನಿಗೂ ಗೊತ್ತಿರುತ್ತದೆ ತಮ್ಮಾ, ನಿಮ್ಮ ಮುಖ ನೋಡಿ ಸುಮ್ಮನಿದ್ದಾರೆ ಅಷ್ಟೆ.

ಕೊನೆಯ ದಿನಗಳಲ್ಲಿ ಊಟ ಬಿಡುತ್ತಾರೆ. ನೆಂಟರು ಬಂದು ಗಂಜಿ ಕುಡಿಸಿ, ಗ್ಲುಕೋಸ್ ಹಾಕಿಸಿ ಅನ್ನುತ್ತಾರೆ. ಒತ್ತಾಯ ಮಾಡಿ ಬಾಯಿಗೆ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಒದ್ದೆ ಹತ್ತಿಯಿಂದ ತುಟಿ, ಬಾಯಿ ಒರೆಸುತ್ತಾ ಇರಿ. ಗಂಟಲಲ್ಲಿ ಗೊರಗೊರ ಅನ್ನುವುದು, ಕಾಲು ತಣ್ಣಗಾಗುವುದು, ಉಸಿರು ನಿಂತು ನಿಂತು ಬರುವುದು, ಇದೆಲ್ಲ ಹೀಗೆಯೇ ಬರುತ್ತದೆ ಅಂತ ಅತ್ತಿಗೆಗೆ ಮೊದಲೇ ಹೇಳಿ. ಗೊತ್ತಿಲ್ಲದಿದ್ದರೆ ನಡುರಾತ್ರಿ ಗಾಬರಿಯಲ್ಲಿ ಆಂಬುಲೆನ್ಸ್ ಕರೆಯುವುದು ಅವರೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೂ ಅವರೇ ಅಲ್ವಾ? ದುಡ್ಡು ಕಳಿಸಿದರೆ ಸಾಲದು. ರಜೆ ಹಾಕಿ ಬನ್ನಿ, ರಾತ್ರಿಪಾಳಿ ನೀವು ತೆಗೆದುಕೊಳ್ಳಿ.

ಪಂಚಾಯತಿನ ಹಳೆ ಗುಮಾಸ್ತ:

ಅಕ್ಕ ಹೇಳಿದ್ದಕ್ಕೆ ಕಾಗದಪತ್ರದ ಮಾತು ಸೇರಿಸುತ್ತೇನೆ. ಮರಣ ಎಲ್ಲಿ ಆಗುತ್ತದೋ ಅಲ್ಲೇ ನೋಂದಣಿ. ಮನೆಯಲ್ಲಾದರೆ ನಿಮ್ಮ ಪಂಚಾಯತಿನಲ್ಲಿ, 21 ದಿನದ ಒಳಗೆ ಮನೆಯವರೇ ತಿಳಿಸಬೇಕು. ಮಂಗಳೂರಿನ ಆಸ್ಪತ್ರೆಯಲ್ಲಾದರೆ ಸರ್ಟಿಫಿಕೇಟು ಕರ್ನಾಟಕದ್ದು, ಅಲ್ಲಿಂದಲೇ ತರಬೇಕು. ಅದಕ್ಕಿಂತ ದೊಡ್ಡ ತೊಂದರೆ ಹೆಸರಿನದ್ದು. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ರೇಷನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಒಂದು, ತೋಟದ ದಾಖಲೆಪತ್ರದಲ್ಲಿ ಇನ್ನೊಂದು. ಅಮ್ಮ ಸಹಿ ಹಾಕುವ ಹಾಗಿರುವಾಗಲೇ ಸರಿಮಾಡಿಸಿ. ಬ್ಯಾಂಕಿನಲ್ಲಿ ನಾಮಿನಿ ಉಂಟಾ ನೋಡಿ. ನಾಮಿನಿ ಅಂದರೆ ಹಣ ಪಡೆದುಕೊಳ್ಳುವವ ಮಾತ್ರ, ಹಕ್ಕು ವಾರಸುದಾರರದ್ದೇ. ಅಣ್ಣತಮ್ಮಂದಿರಿಗೆ ಇದು ಮೊದಲೇ ಗೊತ್ತಿರುವುದು ಒಳ್ಳೆಯದು.

ವೆಂಟಿಲೇಟರ್ ಬೇಡ ಅಂತ ಅಮ್ಮ ಹೇಳಿದರೆ ಬರೆಸಿಡಿ. 2018ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಅವಕಾಶ ಕೊಟ್ಟಿದೆ. 2023ರಿಂದ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕಾಗಿಲ್ಲ, ಇಬ್ಬರು ಸಾಕ್ಷಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು.

ತೋಟದಮನೆ:

ಅಕ್ಕಾ, ಅಣ್ಣ ಇವತ್ತು ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದ. ಸಿಸ್ಟರ್ ಬುಧವಾರ ಬರುತ್ತಾರಂತೆ. ಅಮ್ಮನಿಗೆ ಫೋನಿನಲ್ಲಿ ನೀವು ಕೇಳಿದ ಹಾಗೆಯೇ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀನು ಬಾ, ಬಂದ ಮೇಲೆ ಹೇಳುತ್ತೇನೆ. ಅಟ್ಟದ ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ನಿನ್ನಣ್ಣನಿಗೆ ಗೊತ್ತಿಲ್ಲ" ಅಂದರು. ಮೂರು ವಾರದ ರಜೆ ಸಿಕ್ಕಿದೆ. ರಾತ್ರಿ ಬಸ್ಸಿಗೆ ಹೊರಡುತ್ತಿದ್ದೇನೆ.