ಎಗ್ ಫುಡ್ ಮುದ್ದೆಯಾಗುತ್ತಿದೆ, ಮಧ್ಯಾಹ್ನಕ್ಕೆ ಹುಳಿ ವಾಸನೆ, ಜೀಬ್ರಾ ಫಿಂಚ್ ಮುಟ್ಟುತ್ತಿಲ್ಲ

ಕಡಲತಡಿ:
ನನ್ನ ಬಳಿ ಜೀಬ್ರಾ ಫಿಂಚ್ ಹಕ್ಕಿ ಎರಡು ಜೋಡಿ. ಒಂದು ಜೋಡಿಯ ಗೂಡಿನಲ್ಲಿ ನಾಲ್ಕು ಮರಿ, ಮೊಟ್ಟೆಯೊಡೆದು ಆರು ದಿನ. ಊರು ಮಂಗಳೂರು, ಸದ್ಯ ಬಿಡದ ಮಳೆ.

ಎಗ್ ಫುಡ್ (ಹಕ್ಕಿಗೆ ಕೊಡುವ ಬೇಯಿಸಿದ ಮೊಟ್ಟೆಯ ಮಿಶ್ರಣ) ಈಗ ಮಾಡುತ್ತಿರುವ ವಿಧಾನ: ಎರಡು ಕೋಳಿಮೊಟ್ಟೆ 8 ನಿಮಿಷ ಬೇಯಿಸಿ, ಬಿಸಿಯಿರುವಾಗಲೇ ಸಿಪ್ಪೆ ಸುಲಿದು, ಅರ್ಧ ಕ್ಯಾರೆಟ್, ಎರಡು ಸ್ಲೈಸ್ ಮಿಲ್ಕ್ ಬ್ರೆಡ್, ಒಂದು ಚಮಚ ಹಾಲಿನ ಪುಡಿ ಸೇರಿಸಿ ಮಿಕ್ಸಿಯಲ್ಲಿ ರುಬ್ಬುವುದು. ಬೆಳಿಗ್ಗೆ 7ಕ್ಕೆ ಇಟ್ಟು ಸಂಜೆ ತೆಗೆಯುವುದು.

ತೊಂದರೆಗಳು: ಮಿಶ್ರಣ ಅಂಟುಮುದ್ದೆಯಾಗುತ್ತದೆ. ಮಧ್ಯಾಹ್ನಕ್ಕೆ ಹುಳಿ ವಾಸನೆ. ಹಕ್ಕಿಗಳು ಒಂದೆರಡು ಸಲ ಕೊಕ್ಕು ಹಾಕಿ, ಕೊಕ್ಕನ್ನು ಕೋಲಿಗೆ ಉಜ್ಜಿ ಹೋಗುತ್ತವೆ. ಹಿಕ್ಕೆ ನೀರುನೀರು. ಮರಿಗಳ ಕತ್ತಿನ ಚೀಲದಲ್ಲಿ ಬರೀ ಕಾಳು ಕಾಣುತ್ತಿದೆ. ಮೊಟ್ಟೆಯ ಚಿಪ್ಪು ಹಾಕಬೇಕೋ ಬೇಡವೋ? ಫ್ರೀಜರ್‌ನಲ್ಲಿ ಇಡಬಹುದೇ?

ಗುಟುಕು:
ಮೊದಲು ಈಗಿನ ಬಟ್ಟಲನ್ನು ತೆಗೆದುಬಿಡಿ. ಹುಳಿತ ಎಗ್ ಫುಡ್ ಕೊಡುವುದಕ್ಕಿಂತ ಕೊಡದಿರುವುದೇ ಮೇಲು. ಆಸ್ಟ್ರೇಲಿಯಾದ ಬಯಲಿನಲ್ಲಿ ಜೀಬ್ರಾ ಫಿಂಚ್‌ಗಳು ಮರಿ ಸಾಕುವುದೇ ಹೆಚ್ಚಾಗಿ ಹುಲ್ಲಿನ ಎಳೆಕಾಳಿನ ಮೇಲೆ. ಹಾಗಾಗಿ ಚೀಲದಲ್ಲಿ ಕಾಳು ತುಂಬಿದ್ದರೆ ಗಾಬರಿ ಬೇಡ. ತಾಯಿತಂದೆ ಗುಟುಕು ಕೊಡುತ್ತಿವೆ ಎಂದೇ ಅರ್ಥ. ಚೀಲ ಖಾಲಿಯಿದ್ದರೆ, ಅಥವಾ ಗಾಳಿ ತುಂಬಿ ಬಲೂನಿನಂತೆ ಉಬ್ಬಿದ್ದರೆ ಆಗ ಚಿಂತೆ.

ನೀವು ಬರೆದ ಹೆಚ್ಚಿನ ತೊಂದರೆಗಳಿಗೆ ಮೂಲ ಒಂದೇ, ನೀರು. ಲೆಕ್ಕ ಹಾಕಿ ನೋಡಿ. ಚಿಪ್ಪಿಲ್ಲದ ಮೊಟ್ಟೆ ಸುಮಾರು 50 ಗ್ರಾಂ, ಅದರಲ್ಲಿ ಮುಕ್ಕಾಲು ಪಾಲು ನೀರು. ಎರಡಕ್ಕೆ 75 ಗ್ರಾಂ ನೀರಾಯಿತು. ಅರ್ಧ ಕ್ಯಾರೆಟ್ 30 ಗ್ರಾಂ ಎಂದರೆ 26 ಗ್ರಾಂ ನೀರು. ತಾಜಾ ಬ್ರೆಡ್ ಮುಟ್ಟಲು ಒಣಗಿದಂತಿದ್ದರೂ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ನೀರೇ, ಎರಡು ಸ್ಲೈಸ್‌ನಲ್ಲಿ 18 ಗ್ರಾಂ. ಒಟ್ಟು 180 ಗ್ರಾಂ ಮಿಶ್ರಣದಲ್ಲಿ ಹತ್ತಿರಹತ್ತಿರ 120 ಗ್ರಾಂ ನೀರು. ಹೀರಿಕೊಳ್ಳುವ ಪದಾರ್ಥ ಒಂದೂ ಇಲ್ಲ. ಅದರ ಮೇಲೆ ಬಿಸಿ ಮೊಟ್ಟೆಯನ್ನು ಜಾರಿಗೆ ಹಾಕಿದಾಗ ಆವಿ ಮುಚ್ಚಳಕ್ಕೆ ಬಡಿದು ಮತ್ತೆ ಕೆಳಗೆ ತೊಟ್ಟಿಕ್ಕುತ್ತದೆ.

ಒಂದು ಮೊಟ್ಟೆಗೆ 30 ಗ್ರಾಂ ಪೂರ್ತಿ ಒಣಗಿದ ಬ್ರೆಡ್ ಪುಡಿ. ಇದೇ ಅಳತೆ. ಹೀಗೆ ಮಾಡಿದರೆ ಮಿಶ್ರಣದಲ್ಲಿ ನೀರು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಉಪ್ಪು, ಸಕ್ಕರೆ ಕಡಿಮೆಯಿರುವ ಗೋಧಿ ಬ್ರೆಡ್ ತೆಗೆದುಕೊಂಡು, ಅಂಚು ಸಮೇತ ತುಂಡು ಮಾಡಿ, ಓವನ್‌ನಲ್ಲಿ 100–110 ಡಿಗ್ರಿಯಲ್ಲಿ 40 ನಿಮಿಷ ಒಣಗಿಸಿ. ಓವನ್ ಇಲ್ಲದಿದ್ದರೆ ದಪ್ಪ ಕಾವಲಿ, ಸಣ್ಣ ಉರಿ, ಆಗಾಗ ಮಗುಚುತ್ತಿರಿ. ಮುರಿದರೆ ಟಪ್ಪೆಂದು ತುಂಡಾಗಬೇಕು. ಬಾಗಿದರೆ ಒಳಗೆ ಇನ್ನೂ ತೇವವಿದೆ. ಮಳೆಗಾಲದಲ್ಲಿ ಒಣಗಿಸಿ ಪುಡಿ ಮಾಡಿದ್ದು ಗಾಳಿಗೆ ತೆರೆದಿದ್ದರೆ ಸಂಜೆಗೇ ಮೆತ್ತಗಾಗುತ್ತದೆ, ತಣ್ಣಗಾದ ತಕ್ಷಣ ಬಿಗಿ ಡಬ್ಬಿಗೆ ಹಾಕಿ.

ಮೊಟ್ಟೆಯನ್ನು ತಣ್ಣೀರಿಗೆ ಹಾಕಿ ಒಲೆಗಿಡಿ. ಕುದಿ ಬಂದ ಮೇಲೆ 12 ನಿಮಿಷ. 8 ನಿಮಿಷಕ್ಕೆ ಭಂಡಾರದ (ಹಳದಿಭಾಗದ) ನಡುಭಾಗ ತೇವವಾಗಿಯೇ ಉಳಿಯುತ್ತದೆ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ದೃಷ್ಟಿಯಿಂದಲೂ ಅದು ಸಾಲದು. 20 ನಿಮಿಷ ಬೇಯಿಸುವವರಿದ್ದಾರೆ. ಆಗ ಭಂಡಾರದ ಸುತ್ತ ಹಸಿರು ಉಂಗುರ ಬರುತ್ತದೆ. ಅದು ಕಬ್ಬಿಣ, ಗಂಧಕ ಸೇರಿ ಆಗುವ ಬಣ್ಣ, ಅಪಾಯವಿಲ್ಲ. ಆದರೆ ಬಿಳಿಭಾಗ ರಬ್ಬರಿನಂತಾಗಿ ಸರಿಯಾಗಿ ಉದುರುವುದಿಲ್ಲ. ಬೆಂದ ಮೇಲೆ ತಣ್ಣೀರಿಗೆ ಹಾಕಿ, ಸುಲಿದು, ಒರೆಸಿ, ತೆಳುಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಒಳಗೂ ತಣ್ಣಗಾಗಬೇಕು.

ಮಿಕ್ಸಿಗೆ ಭಂಡಾರ ಹಾಕಬೇಡಿ. ಅದರ ಕೊಬ್ಬು ತಿರುಗಿದಷ್ಟೂ ಪೇಸ್ಟ್ ಆಗುತ್ತದೆ. ಭಂಡಾರವನ್ನು ಒಣ ಪುಡಿಯ ಜೊತೆ ಬೆರಳಲ್ಲಿ ಉಜ್ಜಿ, ಬಿಳಿಭಾಗವನ್ನು ಸಣ್ಣ ತುರಿಯುವ ಮಣೆಯಲ್ಲಿ ತುರಿದು ಸೇರಿಸಿ, 15 ನಿಮಿಷ ಮುಚ್ಚಿಡಿ. ಪುಟ್ಟು (ಹಬೆಯಲ್ಲಿ ಬೇಯಿಸುವ ಅಕ್ಕಿಹಿಟ್ಟಿನ ತಿಂಡಿ) ಮಾಡಲು ಹಿಟ್ಟು ಕಲಸಿದ ಹದ ಬರಬೇಕು: ಹಿಡಿಯಲ್ಲಿ ಒತ್ತಿದರೆ ನಿಲ್ಲಬೇಕು, ಬೆರಳು ತಾಗಿದರೆ ಉದುರಬೇಕು. ನಿಲ್ಲದಿದ್ದರೆ ಕೆಲವು ಹನಿ ನೀರು, ಉದುರದಿದ್ದರೆ ಇನ್ನೊಂದು ಚಮಚ ಪುಡಿ. ಮಿಕ್ಸಿ ಬೇಕೇಬೇಕೆಂದರೆ ಬಿಳಿಭಾಗಕ್ಕೆ ಮಾತ್ರ, ಎರಡು ಮೂರು ಸಲ ಪಲ್ಸ್. ಚಟ್ನಿ ಜಾರ್ ಬೇಡ. ಹಕ್ಕಿಗೆ ಮೆಣಸಿನ ಖಾರ ತಿಳಿಯುವುದಿಲ್ಲ ನಿಜ, ಆದರೆ ರಬ್ಬರ್ ರಿಂಗಿನಡಿ ಉಳಿದ ಉಪ್ಪು, ಎಣ್ಣೆ, ಬೆಳ್ಳುಳ್ಳಿ ಬೇಡ.

ಹಾಲಿನ ಪುಡಿ ಪೂರ್ತಿ ನಿಲ್ಲಿಸಿ. ಹಕ್ಕಿಗಳಿಗೆ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಜೀರ್ಣವಾಗುವುದಿಲ್ಲ. ನೀರು ಹಿಕ್ಕೆಗೆ ಅರ್ಧ ಕಾರಣ ಅದೇ ಇರಬಹುದು. ಮಿಲ್ಕ್ ಬ್ರೆಡ್ ಕೂಡ ಅದೇ ಕಾರಣಕ್ಕೆ ಬೇಡ.

ಮಂಗಳೂರಿನ ಮಳೆಗಾಲದಲ್ಲಿ ಬಟ್ಟಲು ಎರಡು ಗಂಟೆಗಿಂತ ಹೆಚ್ಚು ಪಂಜರದಲ್ಲಿರಬಾರದು. 32 ಡಿಗ್ರಿ ದಾಟಿದರೆ ಒಂದೇ ಗಂಟೆ. ರಾಯಚೂರು, ಕಲಬುರಗಿಯವರಿಗೆ ಬೇಸಿಗೆಯಿಡೀ ಇದೇ ನಿಯಮ. ಮರಿಗಳಿರುವ ಜೋಡಿಗೆ ಬೆಳಿಗ್ಗೆ ಒಂದು ಟೀ ಚಮಚ, ಮಧ್ಯಾಹ್ನ ಒಂದು, ಸಂಜೆ ನಾಲ್ಕರ ಸುಮಾರಿಗೆ ಒಂದು. ಮರಿಯಿಲ್ಲದ ಜೋಡಿಗೆ ವಾರಕ್ಕೆ ಒಂದೆರಡು ಸಲ ಒಂದು ಟೀ ಚಮಚ ಸಾಕು.

ನವಣೆತೆನೆ:
ಮೇಲಿನದಕ್ಕೆ ಸೇರಿಸುತ್ತೇನೆ. ಬ್ರೆಡ್ ಹುಡುಕುವ ಬದಲು ಮಧ್ಯಮ ರವೆ ಬಳಸಿ, ಅಗ್ಗ, ಉಪ್ಪಿಲ್ಲ, ಸಕ್ಕರೆಯಿಲ್ಲ. ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ 8–10 ನಿಮಿಷ ಹುರಿದು ಆರಿಸಿ. ರವೆ ನೀರು ಹೀರುವುದು ನಿಧಾನ, 15 ನಿಮಿಷ ಸಾಲದು, ಅರ್ಧ ಗಂಟೆ ಬಿಡಿ. ಬೇಕರಿ ರಸ್ಕ್ ಕಡೆ ಹೋಗಬೇಡಿ. ಸಕ್ಕರೆ, ವನಸ್ಪತಿ, ಏಲಕ್ಕಿ ಎಲ್ಲ ಇರುತ್ತದೆ, ಇರುವೆಗೆ ಕರೆಯೋಲೆ ಕೊಟ್ಟ ಹಾಗೆ.

ಕ್ಯಾರೆಟ್ ಮಿಶ್ರಣದಲ್ಲಿ ಬೇಡ. ಬೇಕಿದ್ದರೆ ತುರಿದು ಬೇರೆ ಬಟ್ಟಲಲ್ಲಿ. ವಿಟಮಿನ್ ಎ ಉದ್ದೇಶವಾದರೆ ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪಿನ ಪುಡಿ ಒಂದು ಮೊಟ್ಟೆಗೆ ಕಾಲು ಟೀ ಚಮಚ. ನೀರು ಸೇರುವುದಿಲ್ಲ, ಸುಣ್ಣದಂಶವೂ ಸಿಗುತ್ತದೆ. ಪಾಲಕ್ ಬೇಡ, ಅದರ ಆಕ್ಸಲೇಟ್ ಇದ್ದಬದ್ದ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಬೆಣ್ಣೆಹಣ್ಣು ಮಾತ್ರ ಯಾವ ರೂಪದಲ್ಲೂ ಪಂಜರದ ಹತ್ತಿರ ಬರಕೂಡದು, ಹಕ್ಕಿಗೆ ಅದು ವಿಷ.

ಚಿಪ್ಪು ಹಾಕಿ. ಪೂರ್ತಿ ಹಾಕಿ. ಬೇಯಿಸಿದ ಮೊಟ್ಟೆಯನ್ನು ಚಿಪ್ಪು ಸಮೇತ ಪುಡಿ ಮಾಡುವುದು ಹಳೆಯ ಪದ್ಧತಿ, ಕಾರಣವಿಲ್ಲದೆ ಬಂದದ್ದಲ್ಲ. ಮೊಟ್ಟೆಯ ತಿರುಳಿನಲ್ಲಿ ಕ್ಯಾಲ್ಸಿಯಂ 28 ಮಿಲಿಗ್ರಾಂ ಆದರೆ ರಂಜಕ (ಫಾಸ್ಫರಸ್) ನೂರರ ಹತ್ತಿರ. ಕಾಳಿನಲ್ಲೂ ರಂಜಕವೇ ಹೆಚ್ಚು. ಚಿಪ್ಪು ಬಿಟ್ಟರೆ ಮರಿಯ ಎಲುಬಿಗೆ ಏನು ಉಳಿಯಿತು?

ಗುಟುಕು:
ಕಾರಣ ಒಪ್ಪುತ್ತೇನೆ, ಅಳತೆ ಒಪ್ಪುವುದಿಲ್ಲ. ಒಂದು ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ. ಒಂದು ಮೊಟ್ಟೆಯ ಮಿಶ್ರಣಕ್ಕೆ ಅಷ್ಟನ್ನೂ ಸೇರಿಸಿದರೆ ಒಣ ತೂಕದ ಲೆಕ್ಕದಲ್ಲಿ ಶೇ 4 ಆಯಿತು. ಅದು ಮೊಟ್ಟೆಯಿಡುವ ಕೋಳಿಗೆ ಕೊಡುವ ಆಹಾರದ ಮಟ್ಟ. ಅದನ್ನೇ ಬೆಳೆಯುವ ಕೋಳಿಮರಿಗೆ ಕೊಟ್ಟರೆ ಮೂತ್ರಪಿಂಡ ಕೆಡುತ್ತದೆ ಎಂಬುದು ಕೋಳಿ ಸಾಕುವವರಿಗೆಲ್ಲ ಗೊತ್ತು. ಫಿಂಚ್ ಮರಿಯ ಮೇಲೆ ಆ ಪ್ರಯೋಗ ಏಕೆ? ದೊಡ್ಡ ಹಕ್ಕಿ ಬೇಡದ್ದನ್ನು ಬಿಟ್ಟು ತಿನ್ನಬಲ್ಲದು. ಮರಿಗೆ ಆ ಆಯ್ಕೆಯಿಲ್ಲ, ಬಾಯಿಗೆ ಬಿದ್ದದ್ದೇ ಊಟ.

ಒಂದು ಮೊಟ್ಟೆಗೆ ನಯವಾದ ಚಿಪ್ಪಿನ ಪುಡಿ ಕಾಲು ಟೀ ಚಮಚ. ಆಗ ಶೇ 1ರ ಆಸುಪಾಸು ನಿಲ್ಲುತ್ತದೆ. ಉಳಿದದ್ದನ್ನು ಬೇರೆ ಬಟ್ಟಲಲ್ಲಿಡಿ, ಮೊಟ್ಟೆಯಿಡುವ ಹೆಣ್ಣು ತನಗೆ ಬೇಕಾದಷ್ಟು ತೆಗೆದುಕೊಳ್ಳುತ್ತದೆ. ಚಿಪ್ಪಿನ ಒಳಪೊರೆ ಸುಲಿದು, ಕಾವಲಿಯಲ್ಲಿ 10 ನಿಮಿಷ ಬಿಸಿ ಮಾಡಿ, ಆರಿಸಿ ಪುಡಿ ಮಾಡಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಪೊರೆ ಉಳಿದರೆ ಪುಡಿಯಾಗದೆ ಚೂರುಚೂರಾಗಿ ಸಿಕ್ಕಿಕೊಳ್ಳುತ್ತದೆ. ಕಟಲ್‌ಬೋನ್ (ಕಟಲ್ ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಸದಾ ಪಂಜರದಲ್ಲಿರಲಿ. ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಎಂದು ಕೇಳಿದರೆ ಸಿಗುತ್ತದೆ. ಚೆನ್ನಾಗಿ ತೊಳೆದು, ಒಂದು ದಿನ ನೀರಲ್ಲಿಟ್ಟು, ಬಿಸಿಲಿಗೆ ಒಣಗಿಸಿ.

ನವಣೆತೆನೆ:
ಶೇ 4ರ ಲೆಕ್ಕ ಸರಿ. ಆದರೆ ಮರಿ ತಿನ್ನುವುದು ಬರೀ ಎಗ್ ಫುಡ್ ಅಲ್ಲವಲ್ಲ, ಅರ್ಧಕ್ಕಿಂತ ಹೆಚ್ಚು ಕಾಳು. ಒಟ್ಟಿಗೆ ಸೇರಿಸಿದರೆ ಅಷ್ಟಾಗುವುದಿಲ್ಲ. ಆದರೂ ಎಗ್ ಫುಡ್ ರುಚಿ ಹತ್ತಿದ ಜೋಡಿ ಮೊದಲ ವಾರ ಬೇರೇನೂ ಕೊಡದೆ ಅದನ್ನೇ ತುಂಬಿಸುವುದುಂಟು, ಹಾಗಾಗಿ ಕಾಲು ಚಮಚವೇ ಇರಲಿ.

ತಿನ್ನದ ಹಕ್ಕಿಗೆ ತಿನ್ನಿಸುವ ಬಗ್ಗೆ. ಫಿಂಚ್‌ಗೆ ಹೊಸ ಬಣ್ಣದ, ಹೊಸ ಆಕಾರದ ತಿಂಡಿ ಎಂದರೆ ಅನುಮಾನ. ಬೆಳಕಾದ ತಕ್ಷಣ, ಕಾಳು ಹಾಕುವ ಮೊದಲು, ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮೇಲೆ ಅವು ದಿನಾ ತಿನ್ನುವ ಕಾಳು ಉದುರಿಸಿ. ಆಳದ ಬಟ್ಟಲು ಬೇಡ, ಮೇಲಿಂದ ನೋಡಿದರೆ ಏನಿದೆ ಎಂದು ಕಾಣಬೇಕು. ಹಸಿವಿಂದ ಕಲಿಯಲಿ ಎಂದು ಕಾಳು ಪೂರ್ತಿ ತೆಗೆದಿಡಬೇಡಿ. 12–15 ಗ್ರಾಂ ತೂಗುವ ಹಕ್ಕಿ, ದೊಡ್ಡ ಹಕ್ಕಿಗೇ ಹೆಚ್ಚು ಹೊತ್ತಿನ ಉಪವಾಸ ತಡೆಯದು. ಗೂಡಲ್ಲಿ ಮರಿಯಿರುವಾಗಲಂತೂ ಒಂದು ನಿಮಿಷವೂ ಬೇಡ.

ಮೊಳಕೆ ಕಾಳು ಸೇರಿಸಿದರೆ ಬೇಗ ಹತ್ತುತ್ತದೆ. ನವಣೆ ಅಥವಾ ಬರಗು 8–10 ಗಂಟೆ ನೆನೆಸಿ, ತೊಳೆದು, ನೀರು ಬಸಿದು, ಬಿಳಿ ಮೂತಿ ಕಾಣುವವರೆಗೆ ಇಡಿ. ಆ ನಡುವೆ ಎರಡು ಮೂರು ಸಲ ತೊಳೆಯಬೇಕು. ದಿನಸಿ ಅಂಗಡಿಯ ಸಿರಿಧಾನ್ಯದ ಪ್ಯಾಕೆಟ್ ತಂದು ಮೊಳಕೆ ಬರಲಿಲ್ಲ ಎನ್ನಬೇಡಿ, ಅದು ಹೊಟ್ಟು ತೆಗೆದ ಅಕ್ಕಿ. ಹೊಟ್ಟಿರುವ ಕಾಳೇ ಬೇಕು. ಮುಗ್ಗಲು ವಾಸನೆ ಬಂದರೆ ಎಸೆಯಿರಿ, ತೊಳೆದು ಬಳಸಬೇಡಿ.

ಕಡಲತಡಿ:
ರವೆಯಲ್ಲಿ ಮಾಡಿದ್ದು ಉದುರುದುರಾಗಿ ಬಂತು. ದೊಡ್ಡವು ತಿನ್ನುತ್ತಿವೆ, ಮರಿಗಳ ಚೀಲದಲ್ಲಿ ಹಳದಿ ಕಾಣುತ್ತಿದೆ. ಈಗ ಮೂರು ಪ್ರಶ್ನೆ. ಹಿಕ್ಕೆ ಗಟ್ಟಿಯಾಗಿದೆ, ಆದರೆ ಸುತ್ತ ಇನ್ನೂ ಸ್ವಲ್ಪ ನೀರು. ಇರುವೆ ಕಾಟ ವಿಪರೀತ. ಇನ್ನೊಂದು ಜೋಡಿ ಗೂಡು ಕಟ್ಟಲು ಶುರುಮಾಡಿದೆ, ಅದಕ್ಕೆ ಈಗ ಮರಿ ಬೇಡ.

ಗುಟುಕು:
ನಡುವಿನ ಗಟ್ಟಿ ಭಾಗ ಆಕಾರ ಉಳಿಸಿಕೊಂಡು ಸುತ್ತ ತಿಳಿನೀರಿದ್ದರೆ ಅದು ತೇವದ ಆಹಾರದ ಪರಿಣಾಮ, ಭೇದಿಯಲ್ಲ. ಗಟ್ಟಿ ಭಾಗವೇ ಕರಗಿ ಹಸಿರಾಗಿದ್ದರೆ, ಗುದದ ಸುತ್ತ ಗರಿ ಅಂಟಿಕೊಂಡಿದ್ದರೆ, ಹಕ್ಕಿ ಗರಿ ಉಬ್ಬಿಸಿ ಕೂತಿದ್ದರೆ ಎಗ್ ಫುಡ್ ನಿಲ್ಲಿಸಿ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಮನೆಮದ್ದಿಗೆ ಸಮಯವಿರುವುದಿಲ್ಲ.

ಇರುವೆ ಓಡಿಸಲೆಂದೇ ಮಾರುವ ಸೀಮೆಸುಣ್ಣ ಬೇಡ, ಅದು ಕೀಟನಾಶಕ. ಪಂಜರ ತೂಗುಹಾಕಿದ್ದರೆ ತಂತಿಯ ಮೇಲ್ಭಾಗದಲ್ಲಿ, ಹಕ್ಕಿಯ ಕೊಕ್ಕಿಗೆ ಎಟುಕದಲ್ಲಿ, ಎರಡು ಇಂಚು ವ್ಯಾಸಲೀನ್ ಬಳಿಯಿರಿ. ಸ್ಟ್ಯಾಂಡ್ ಆದರೆ ಕಾಲುಗಳಡಿ ನೀರಿನ ಬಟ್ಟಲು, ಗೋಡೆಗೆ ತಾಗದಂತೆ. ಇದನ್ನು ಸಣ್ಣ ವಿಷಯ ಎನ್ನಬೇಡಿ, ಎಗ್ ಫುಡ್ ಹುಡುಕಿ ಬಂದ ಇರುವೆ ಗೂಡಿಗೂ ಹೋಗುತ್ತದೆ, ರೆಕ್ಕೆ ಬಾರದ ಮರಿಯನ್ನು ಬಿಡುವುದಿಲ್ಲ.

ಎರಡನೇ ಜೋಡಿಗೆ ಎಗ್ ಫುಡ್, ಮೊಳಕೆ ಎರಡೂ ನಿಲ್ಲಿಸಿ. ಪ್ರೋಟೀನ್ ಹೆಚ್ಚಾದರೆ ಜೀಬ್ರಾ ಫಿಂಚ್‌ಗೆ ಅದೇ ಮರಿಮಾಡುವ ಕಾಲ. ಗೂಡಿನ ಡಬ್ಬಿ, ನಾರು, ಹುಲ್ಲು ಎಲ್ಲ ಹೊರಗೆ ತೆಗೆಯಿರಿ. ಬಿಡುವಿಲ್ಲದೆ ಮೊಟ್ಟೆಯಿಟ್ಟ ಹೆಣ್ಣು ಸೊರಗಿ ಕೊನೆಗೆ ಮೊಟ್ಟೆ ಸಿಕ್ಕಿಕೊಂಡು ಸಾಯುವುದು ಇದೇ ದಾರಿಯಲ್ಲಿ. ಮರಿಯಿರುವ ಜೋಡಿಗೂ ಇದೇ ಜೋಕೆ: ಮರಿಗಳು 18–21 ದಿನಕ್ಕೆ ಗೂಡು ಬಿಡುತ್ತವೆ, ಸುಮಾರು 35 ದಿನಕ್ಕೆ ತಾವೇ ಕಾಳು ಸುಲಿಯುತ್ತವೆ. ಗೂಡು ಬಿಟ್ಟಮೇಲೆ ಮೂರು ಹೊತ್ತನ್ನು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸುತ್ತ ಬನ್ನಿ. ಇಳಿಸದಿದ್ದರೆ ಮೊದಲ ಮರಿಗಳು ಬೇಡುತ್ತಿರುವಾಗಲೇ ಮುಂದಿನ ಮೊಟ್ಟೆಗಳು ಬಿದ್ದಿರುತ್ತವೆ.

ನವಣೆತೆನೆ:
ಫ್ರೀಜರ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಇಡಬಹುದು. ಇಡೀ ಬಿಳಿಭಾಗ ಫ್ರೀಜ್ ಮಾಡಿದರೆ ಚರ್ಮದಂತಾಗುತ್ತದೆ, ತುರಿದು ರವೆ ಸೇರಿಸಿದ ಮಿಶ್ರಣಕ್ಕೆ ಆ ತೊಂದರೆಯಿಲ್ಲ. ಮಾಡಿದ ದಿನವೇ, ಒಂದು ದಿನದ ಪಾಲನ್ನು ಚಿಕ್ಕ ಕವರಿಗೆ ಹಾಕಿ, ಚಪ್ಪಟೆ ಮಾಡಿ, ಗಾಳಿ ತೆಗೆದು, ತಾರೀಕು ಬರೆದು ಇಡಿ. ಒಂದು ತಿಂಗಳೊಳಗೆ ಮುಗಿಸಿ. ಬಳಸುವ ಹಿಂದಿನ ರಾತ್ರಿ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿ. ಬೆಳಿಗ್ಗೆ ಒಂದು ಚಿಟಿಕೆ ಹುರಿದ ರವೆ ಸೇರಿಸಿ ಬೆರಳಲ್ಲಿ ಬಿಡಿಸಿ. ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬಾರದು. ವಿಟಮಿನ್ ಪುಡಿ ಬಳಸುವುದಾದರೆ ಕೊಡುವ ಹೊತ್ತಿಗೆ, ಡಬ್ಬಿಯಲ್ಲಿ ಬರೆದಷ್ಟೇ. ಎ ಮತ್ತು ಡಿ ಹೆಚ್ಚಾದರೂ ವಿಷವೇ.

ಮಳೆಗಾಲದಲ್ಲಿ ಕರೆಂಟ್ ಗಂಟೆಗಟ್ಟಲೆ ಹೋಗುತ್ತದಲ್ಲ, ಫ್ರೀಜರ್‌ನಲ್ಲಿ ಒಂದು ಲೋಟ ನೀರು ಗಟ್ಟಿಯಾದ ಮೇಲೆ ಅದರ ಮೇಲೊಂದು ನಾಣ್ಯ ಇಟ್ಟುಬಿಡಿ. ನಾಣ್ಯ ಮಂಜುಗಡ್ಡೆಯೊಳಗೆ ಇಳಿದಿದ್ದರೆ ನೀವು ಇಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ. ಆ ಕವರುಗಳನ್ನೆಲ್ಲ ಎಸೆದು ಹೊಸದಾಗಿ ಮಾಡಿ.